ತೆರೆಯ ಮೇಲಿನ ಮೆಟ್ಟಿಲು ಅಳಿಸುವ ಲೆಕ್ಕ

ನಮ್ಮ ವಿರಾಜಪೇಟೆಯ ಹೆಂಚಿನ ಮಾಡಿನ ಅಂಚು ನೇರವಾದ ಓರೆಗೆರೆ. ಅಂಥದೇ ಮಾಡು ವಿಡಿಯೋ ಗೇಮಿನಲ್ಲಿ ಬಂದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಏಕೆ? ಗ್ರಾಫ್ ಹಾಳೆಯಲ್ಲಿ ಓರೆಗೆರೆ ಎಳೆದು, ಅದು ಹಾದುಹೋಗುವ ಚೌಕಗಳಿಗೆಲ್ಲ ಮಸಿ ತುಂಬಿ ನೋಡಿ, ಉತ್ತರ ಸಿಗುತ್ತದೆ. ಕಂಪ್ಯೂಟರ್ ತೆರೆಯೂ ಇಂಥ ಚೌಕಗಳದೇ. ಅವೇ ಪಿಕ್ಸೆಲ್‌ಗಳು.

ಇದಕ್ಕೊಂದು ಮದ್ದು ‘ಸೂಪರ್‌ಸ್ಯಾಂಪ್ಲಿಂಗ್’. 1920×1080 ತೆರೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಗ್ರಾಫಿಕ್ಸ್ ಕಾರ್ಡು ಚಿತ್ರವನ್ನು ಮೊದಲು 3840×2160ರಲ್ಲಿ, ಅಂದರೆ ನಾಲ್ಕು ಪಟ್ಟು ಪಿಕ್ಸೆಲ್‌ಗಳಲ್ಲಿ ಬರೆದುಕೊಳ್ಳುತ್ತದೆ. ಬಳಿಕ ನಾಲ್ಕು ನಾಲ್ಕರ ಬಣ್ಣದ ಸರಾಸರಿ ತೆಗೆದು ಒಂದಾಗಿಸುತ್ತದೆ. ಕಪ್ಪು ಬಿಳುಪಿನ ನಡುವೆ ಬೂದು ಬಣ್ಣ ಮೂಡಿ ಮೆಟ್ಟಿಲು ಮಾಸುತ್ತದೆ. ಎನ್‌ವಿಡಿಯಾ, ಎಎಂಡಿ ಕಂಪನಿಗಳು ಈ ಸೌಲಭ್ಯವನ್ನು 2014ರಲ್ಲೇ ತಮ್ಮ ಡ್ರೈವರ್ ತಂತ್ರಾಂಶದಲ್ಲಿ ಒದಗಿಸಿದವು.

ಪೋಷಕರೇ, ‘ಹೊಸ ಮಾನಿಟರ್ ಕೊಡಿಸಿ’ ಎಂದು ಮಕ್ಕಳು ಹಟ ಹಿಡಿದರೆ ಮೊದಲು ಇದನ್ನು ಮಾಡಿನೋಡಲು ಹೇಳಿ. ಆದರೆ ಕೆಲಸ ಹೆಚ್ಚಿದಂತೆ ಆಟದ ವೇಗ ಕುಗ್ಗೀತು, ಕಾರ್ಡು ಬಿಸಿಯಾದೀತು. ಆಗ ನಡುವಿನ ಅಳತೆ 2560×1440 ಸಾಕು. ಅಳತೆ ಬದಲಿಸುವಾಗ ತೆರೆ ಕಪ್ಪಾದರೆ ಗಾಬರಿ ಬೇಡ. ಏನನ್ನೂ ಒತ್ತದೆ ಕಾದರೆ ವಿಂಡೋಸ್ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಹಳೆಯ ಅಳತೆಗೆ ಮರಳುತ್ತದೆ.

ಮಕ್ಕಳೇ, ತರಗತಿಯಲ್ಲಿ ಕಲಿತ ಸರಾಸರಿ ಲೆಕ್ಕ ಅಪ್ಪನ ಜೇಬನ್ನೂ ಉಳಿಸಬಲ್ಲದು!