ಗಣಕಯಂತ್ರವೂ ಮಿದುಳಿನ ಮದ್ದೂ

ಬೀಗಕ್ಕೂ ಬೀಗದ ಕೈಗೂ ಇರುವ ಸಂಬಂಧವೇ ಕಿಣ್ವಕ್ಕೂ ಅದು ಹಿಡಿಯುವ ಅಣುವಿಗೂ ಉಂಟೆಂದು ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಹೇಳಿದನು. ಮದ್ದಿನ ವಿಷಯದಲ್ಲಿಯೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ನಾವು ನುಂಗುವ ಗುಳಿಗೆಯ ಅಣು ಶರೀರದ ಯಾವುದೋ ಪ್ರೋಟೀನಿನ ಕುಳಿಯಲ್ಲಿ ಸರಿಯಾಗಿ ಕುಳಿತರೆ ಸಾಮಾನ್ಯವಾಗಿ ಅದರ ಕೆಲಸ ನಡೆಯುತ್ತದೆ. ಹಾಗಾದರೆ ಬೀಗದ ಒಳರಚನೆಯನ್ನು ಬಲ್ಲವನು ಕೈಯನ್ನು ಲೆಕ್ಕದಿಂದಲೇ ರೂಪಿಸಬಹುದಲ್ಲವೇ? ಈ ಲೆಕ್ಕದ ತಳಹದಿ ಭೌತಶಾಸ್ತ್ರ; ಅದರ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ಬೆಂಗಳೂರಿನಲ್ಲಿ ಓದಿದವರು.

ಜಿ. ಎನ್. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದು, ಸಿ. ವಿ. ರಾಮನ್ನರ ಕಣ್ಣಿಗೆ ಬಿದ್ದು, ಭೌತಶಾಸ್ತ್ರಕ್ಕೆ ಹೊರಳಿದರು. ಮುಂದೆ ಮದರಾಸಿನಲ್ಲಿದ್ದಾಗ, 1963ರಲ್ಲಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಒಂದು ಪ್ರಶ್ನೆಯನ್ನು ಬಿಡಿಸಿದರು. ಪ್ರೋಟೀನು ಎಂಬುದು ಅಮೈನೋ ಆಮ್ಲಗಳ ಸರಪಳಿ. ಸರಪಳಿಯ ಬೆನ್ನೆಲುಬಿನಲ್ಲಿ, ಒಂದೊಂದು ಕೊಂಡಿಗೂ ಎರಡೆರಡು ಬಂಧಗಳು ಮಾತ್ರ ಸಲೀಸಾಗಿ ತಿರುಗಬಲ್ಲವು. ಪರಮಾಣುಗಳು ಗೋಲಿಗಳಂತೆ ಒಂದರೊಳಗೊಂದು ಹೊಗಲಾರವೆಂದು ಭಾವಿಸಿ ಈ ಎರಡು ಕೋನಗಳ ಎಲ್ಲ ಜೋಡಿಗಳನ್ನೂ ಪರೀಕ್ಷಿಸಿದರೆ, ಬಹುಪಾಲು ಜೋಡಿಗಳು ನಿಷಿದ್ಧವೆಂದು ಕಾಣುತ್ತದೆ! ಉಳಿದ ಕೆಲವೇ ದ್ವೀಪಗಳ ನಕಾಶೆಗೆ ರಾಮಚಂದ್ರನ್ ನಕ್ಷೆಯೆಂದು ಹೆಸರು. 1971ರಲ್ಲಿ ಅವರು ಬೆಂಗಳೂರಿನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಅದೇ ವರ್ಷ ಅಮೆರಿಕದಲ್ಲಿ ಪ್ರೋಟೀನು ರಚನೆಗಳ ಭಂಡಾರವೊಂದು ಬೆರಳೆಣಿಕೆಯಷ್ಟು ರಚನೆಗಳಿಂದ ಆರಂಭವಾಯಿತು. ಇಂದು ಅಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಇವೆ. ಹೊಸ ರಚನೆಯನ್ನು ಒರೆಗೆ ಹಚ್ಚಲು ಈಗಲೂ ರಾಮಚಂದ್ರನ್ ನಕ್ಷೆಯೇ ಬೇಕು.

ಇನ್ನು ಗಣಕಯಂತ್ರದ ಕೆಲಸ. ಮದ್ದಿನ ಅಣುವನ್ನು ಕುಳಿಯಲ್ಲಿ ಮೂರು ದಿಕ್ಕುಗಳಲ್ಲಿ ಸರಿಸಬಹುದು, ಮೂರು ಅಕ್ಷಗಳ ಸುತ್ತ ತಿರುಗಿಸಬಹುದು. ಅಣುವಿನಲ್ಲಿಯೇ ತಿರುಗುವ ಎರಡು ಬಂಧಗಳಿದ್ದರೆ ಒಟ್ಟು ಎಂಟು ಚಲಕಗಳಾದವು. ಒಂದೊಂದಕ್ಕೂ 20 ಬೆಲೆಗಳನ್ನು ಕೊಟ್ಟು ನೋಡುವುದಾದರೆ 2,560 ಕೋಟಿ ಭಂಗಿಗಳು! ಇದು ಒಂದೇ ಒಂದು ಅಣುವಿನ ಪಾಡು. ಆದುದರಿಂದ ಯಂತ್ರವು ಎಲ್ಲವನ್ನೂ ಎಣಿಸದೆ, ವಿದ್ಯುದಾಕರ್ಷಣೆ ಮೊದಲಾದ ಬಲಗಳ ಶಕ್ತಿಯನ್ನು ಅಂದಾಜು ಮಾಡುತ್ತ, ಕಡಮೆ ಶಕ್ತಿಯ ಭಂಗಿಗಳತ್ತ ಜಾಣತನದಿಂದ ಸಾಗುತ್ತದೆ. ಅಂದಾಜು ಎಂಬ ಮಾತನ್ನು ವಿದ್ಯಾರ್ಥಿಗಳು ಮರೆಯಬಾರದು. ಸುತ್ತಲಿನ ನೀರಿನ ಅಣುಗಳೂ ಪ್ರೋಟೀನಿನ ಮಿಡುಕಾಟವೂ ಲೆಕ್ಕಕ್ಕೆ ಸುಲಭವಾಗಿ ಸಿಕ್ಕುವುವಲ್ಲ.

ಆಲ್ಝೈಮರ್ ಎಂಬ ಮರೆವಿನ ರೋಗದಲ್ಲಿ ಮಿದುಳಿನ ನರಕೋಶಗಳು ನಶಿಸುತ್ತ ಹೋಗುತ್ತವೆ. ಅದಕ್ಕೆ ಕೊಡುವ ಡೊನೆಪೆಝಿಲ್ ಎಂಬ ಮದ್ದು, ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವದ ಸುಮಾರು 20 ಆಂಗ್‌ಸ್ಟ್ರಾಂ ಆಳದ ಕಂದರದಲ್ಲಿ ಹೊಕ್ಕು ನಿಲ್ಲುತ್ತದೆ. ಇದರಿಂದ ರೋಗಲಕ್ಷಣ ತುಸು ತಗ್ಗೀತೇ ಹೊರತು ಕೋಶಗಳ ನಾಶ ನಿಲ್ಲದು. ನಾಶದೊಡನೆ ಕಾಣುವ ಅಮಿಲಾಯ್ಡ್ ತುಣುಕುಗಳಾದರೋ ಇನ್ನೂ ತೊಡಕಿನವು. ಒಂಟಿಯಾಗಿರುವಾಗ ಅವಕ್ಕೆ ಸ್ಥಿರವಾದ ಆಕಾರವೇ ಇಲ್ಲ. ಆಕಾರವಿಲ್ಲದ ಬೀಗಕ್ಕೆ ಕೈಯನ್ನು ಮಾಡುವುದೆಂತು? ಒಂದಕ್ಕೊಂದು ಅಂಟಿ ತಂತುವಾದ ಮೇಲೆ ಮಾತ್ರ ಹಿಡಿತಕ್ಕೆ ಎಡೆ ದೊರೆಯುತ್ತದೆ.

ರಾಮಮೂರ್ತಿ ನಗರದಿಂದ ಹೊರವರ್ತುಲ ರಸ್ತೆ ಹಿಡಿದು ಹೆಬ್ಬಾಳವನ್ನು ದಾಟಿದರೆ ಜಕ್ಕೂರು. ಅಲ್ಲಿಯ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಮತ್ತು ಸಂಗಡಿಗರು ಟಿಜಿಆರ್63 ಎಂಬ ಸಣ್ಣ ಅಣುವನ್ನು ರಚಿಸಿದರು. ಅದು ತಂತುವಿನಲ್ಲಿ ಹೇಗೆ ನೆಲಸೀತೆಂಬುದನ್ನು ಗಣಕಯಂತ್ರದಲ್ಲಿಯೂ ಪರಿಶೀಲಿಸಲಾಯಿತು. ರಕ್ತಕ್ಕೂ ಮಿದುಳಿಗೂ ನಡುವಿನ ಬಿಗಿಯಾದ ತಡೆಯನ್ನು ಅದು ದಾಟಿತು. ರೋಗವನ್ನು ಹೋಲುವ ಸ್ಥಿತಿಯುಳ್ಳ ಇಲಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಹೊರೆ ಇಳಿಯಿತು, ಅವುಗಳ ಕಲಿಕೆಯೂ ನೆನಪೂ ಸುಧಾರಿಸಿದುವು. 2021ರಲ್ಲಿ ಇದು ಪ್ರಕಟವಾಯಿತು.

ಇಲಿಯಿಂದ ಮನುಷ್ಯನವರೆಗಿನ ದಾರಿ ಎಂಥದೆಂಬುದಕ್ಕೆ ವೆರುಬೆಸೆಸ್ಟಾಟ್ ಸಾಕ್ಷಿ. ಅಮಿಲಾಯ್ಡನ್ನು ಕತ್ತರಿಸಿ ಹುಟ್ಟಿಸುವ ಕಿಣ್ವದ ರಚನೆಯನ್ನು ನೋಡಿ ನೋಡಿಯೇ ರೂಪಿಸಿದ ಅಣು ಅದು. ಬೀಗಕ್ಕೆ ಸರಿಯಾಗಿ ಕೂಡಿತು, ರೋಗಿಗಳಲ್ಲಿ ಅಮಿಲಾಯ್ಡಿನ ಉತ್ಪತ್ತಿಯನ್ನು ತಗ್ಗಿಸಿತು. ಆದರೆ ನೆನಪು ಕುಂದುವುದು ನಿಲ್ಲಲಿಲ್ಲ. 2017ರಲ್ಲಿ ಒಂದು ದೊಡ್ಡ ಪ್ರಯೋಗವನ್ನೂ 2018ರಲ್ಲಿ ಇನ್ನೊಂದನ್ನೂ ನಿಲ್ಲಿಸಬೇಕಾಯಿತು. ಲೆಕ್ಕ ತಪ್ಪಿರಲಿಲ್ಲ, ತೆರೆದ ಬಾಗಿಲೇ ಬೇರೆಯಾಗಿರಬಹುದು, ಅಥವಾ ತೆರೆಯುವ ಹೊತ್ತು ಮೀರಿರಬಹುದು.

ರಾಮಚಂದ್ರನ್ ಅವರಿಗೆ ಕೊನೆಗಾಲದಲ್ಲಿ ಬಂದುದು ಪಾರ್ಕಿನ್ಸನ್ ರೋಗ, ಎಂದರೆ ಕಂಪವಾತ. ಆ ರೋಗದಲ್ಲಿ ನರಕೋಶಗಳೊಳಗೆ ಗಂಟುಕಟ್ಟುವ ಆಲ್ಫಾ-ಸೈನ್ಯೂಕ್ಲಿಯಿನ್ ಕೂಡ ಬಿಡಿಯಾಗಿರುವಾಗ ಸ್ಥಿರಾಕಾರವಿಲ್ಲದ ಪ್ರೋಟೀನೇ. ಅವರು 2001ರ ಏಪ್ರಿಲ್ 7ರಂದು ತೀರಿಕೊಂಡರು. ಆ ಪ್ರೋಟೀನಿನ ತಂತುಗಳ ಪರಮಾಣು ರಚನೆ ಶೀತಲ ಎಲೆಕ್ಟ್ರಾನು ಸೂಕ್ಷ್ಮದರ್ಶಕದಿಂದ ವಿವರವಾಗಿ ಹೊರಬಿದ್ದುದು 2018ರಲ್ಲಿ.