ಸ್ಮಾರ್ಟ್‌ವಾಚ್‌ನ ‘ರೇಡಿಯೇಶನ್’ ರಕ್ತಕ್ಕೆ ಸೇರುತ್ತದೆಯೇ?

“ರಾತ್ರಿ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಮಲಗಬೇಡಿ, ಹಸಿರು ಬೆಳಕಿನ ರೇಡಿಯೇಶನ್ ರಕ್ತಕ್ಕೆ ಸೇರುತ್ತದೆ!” ಈ ಬಗೆಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು?

ಮೊದಲು ಆ ಹಸಿರು ಬೆಳಕು. ಅದು ರೇಡಿಯೋ ಅಲೆಯೇ ಅಲ್ಲ, ಪುಟ್ಟ ಎಲ್‌ಇಡಿ ದೀಪ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಿ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿಯೇ ವಾಚ್ ನಿಮ್ಮ ನಾಡಿಬಡಿತ ಹೇಳುವುದು.

ವಾಚ್‌ನಲ್ಲಿ ರೇಡಿಯೋ ಇರುವುದಂತೂ ನಿಜ. ಮೆಸೇಜು, ಕಾಲ್ ಮಾಹಿತಿ ಫೋನಿನಿಂದ ಬ್ಲೂಟೂತ್ ಮೂಲಕ, ಅಂದರೆ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳಲ್ಲಿ ಬರುತ್ತದೆ. ಇದರ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಹಳೆಯ 2ಜಿ ಫೋನು ಸಿಗ್ನಲ್ ಸಿಗದ ಕಡೆ 2 ವ್ಯಾಟ್‌ವರೆಗೂ ಹೊಮ್ಮಿಸುತ್ತಿತ್ತು, ಅದೂ ಕಿವಿಯ ಪಕ್ಕದಲ್ಲೇ! ಸ್ವಂತ ಸಿಮ್ ಇರುವ ವಾಚ್ ಬ್ಲೂಟೂತ್‌ಗಿಂತ ಹೆಚ್ಚು ಶಕ್ತಿ ಬಳಸುತ್ತದೆ, ಆದರೆ ಅದಕ್ಕೂ ಸುರಕ್ಷತಾ ಮಿತಿ ಇದೆ. ಇನ್ನು ಜಿಪಿಎಸ್ ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಕಳಿಸುವುದಿಲ್ಲ. ಅಂದಹಾಗೆ, 2004ರಲ್ಲಿ ಅಮೆರಿಕದಲ್ಲಿ ಬಂದ ಮೈಕ್ರೋಸಾಫ್ಟ್‌ನ ‘ಸ್ಪಾಟ್’ ವಾಚ್‌ಗಳೂ ಹೀಗೆಯೇ: ಎಫ್‌ಎಂ ರೇಡಿಯೋ ಸಿಗ್ನಲ್‌ನಲ್ಲೇ ಹವಾಮಾನ, ಸುದ್ದಿ ಹಿಡಿಯುತ್ತಿದ್ದವು, ಉತ್ತರ ಕೊಡಲು ಬರುತ್ತಿರಲಿಲ್ಲ.

ಈ ಅಲೆಗಳು ಎಕ್ಸ್‌-ರೇಯಂತೆ ಡಿಎನ್‌ಎ ಮುರಿಯುವಷ್ಟು ಬಲದವಲ್ಲ. ದೇಹದಲ್ಲಿ ಶೇಖರವಾಗುವುದೂ ಇಲ್ಲ.

ಹಾಗಾದರೆ “ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್ ಬರುತ್ತದೆ ಎಂದಿದೆ” ಎನ್ನುವ ಮಾತು? ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ಹೌದು. ಅದರರ್ಥ ‘ಸಾಧ್ಯತೆ ಇರಬಹುದು, ಸಾಕಷ್ಟು ಪುರಾವೆ ಇಲ್ಲ’ ಎಂದಷ್ಟೇ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಫಾರ್ವರ್ಡ್ ಮಾಡುವವರು ಇದನ್ನು ಹೇಳುವುದಿಲ್ಲ.

ನಿಜವಾಗಿ ಎಚ್ಚರ ಬೇಕಿರುವುದು ಬೇರೆ ಕಡೆ. ಕೆಲವು ವಾಚ್‌, ಅವುಗಳ ಬೆಲ್ಟ್ ಮತ್ತು ಚಾರ್ಜರ್‌ಗಳಲ್ಲಿ ಆಯಸ್ಕಾಂತ ಇರುತ್ತದೆ. ಅದು ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಕೆಲಸ ಮಾಡುವ ರೀತಿ ಬದಲಾಗಬಹುದು. ಇಂಥ ವಸ್ತುಗಳನ್ನು ಪೇಸ್‌ಮೇಕರ್‌ನಿಂದ ಕನಿಷ್ಠ 6 ಇಂಚು, ಅಂದರೆ 15 ಸೆಂ.ಮೀ. ದೂರ ಇಡಬೇಕು ಎಂಬುದು ಅಮೆರಿಕದ ಎಫ್‌ಡಿಎ ಸಲಹೆ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ, ವಾಚ್ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟು ಮಲಗಬೇಡಿ ಎಂದು ಅವರಿಗೆ ಹೇಳಿ. ವಾಚ್ ಕಟ್ಟುವ ಮುಂಚೆ ಅವರ ಹೃದ್ರೋಗ ವೈದ್ಯರನ್ನು ಒಮ್ಮೆ ಕೇಳಿ.