ಡಾಬರ್‌ಮನ್ ಬಾಲ ನೋಡಿದ್ದೀರಾ?

ಒಂದು ಪ್ರಶ್ನೆ. ಯೋಚಿಸದೆ ಥಟ್ಟನೆ ಹೇಳಿ! ಡಾಬರ್‌ಮನ್ ನಾಯಿಯ ಬಾಲ ಎಷ್ಟುದ್ದ?

ಹೆಬ್ಬೆರಳಷ್ಟು ಅಂದಿರಾ? ತಪ್ಪು! ಬಾಲವೇ ಇಲ್ಲ ಅಂದಿರಾ? ಅದೂ ತಪ್ಪು!

ಡಾಬರ್‌ಮನ್ ಉದ್ದ ಬಾಲದ ನಾಯಿ! ರಾಟ್‌ವೀಲರ್? ಅದಕ್ಕೂ ಬಾಲ ಇದೆ! ಬಾಕ್ಸರ್? ಅದಕ್ಕೂ! ಸಿನಿಮಾದಲ್ಲಿ ಸಾಹುಕಾರನ ಗೇಟಿನ ಹಿಂದೆ ನಿಂತು ಬೊಗಳುವ ಮೋಟು ಬಾಲದ ಆ ನಾಯಿಗಳೆಲ್ಲ ಪೂರ್ತಿ ಬಾಲದೊಂದಿಗೇ ಹುಟ್ಟಿದವು.

ಹಾಗಾದರೆ ಆ ಬಾಲ ಏನಾಯಿತು?

ಕತ್ತರಿಸಿದರು! ಹುಟ್ಟಿ ಮೂರು-ನಾಲ್ಕು ದಿನವಾಗಿತ್ತು, ಅಷ್ಟೇ. ಮರಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಣ್ಣು ಬಿಡಲು ಅದಕ್ಕೆ ಎರಡು ವಾರ ಬೇಕು. ಒಬ್ಬರು ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಕತ್ತರಿ ಹಾಕುತ್ತಾರೆ. ಇಲ್ಲವೇ ಬಾಲದ ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ರಕ್ತ ಹರಿಯುವುದು ನಿಲ್ಲುತ್ತದೆ, ಬಾಲ ಒಣಗಿ ಉದುರುತ್ತದೆ. ಎಷ್ಟೋ ಸಲ ಅರಿವಳಿಕೆಯೂ ಇಲ್ಲ!

ಬಾಲದೊಳಗೆ ಎಷ್ಟು ಮೂಳೆ ಇವೆ, ಊಹಿಸಿ ನೋಡೋಣ. ಐದು? ಹತ್ತು? ಉದ್ದ ಬಾಲದ ನಾಯಿಗೆ ಇಪ್ಪತ್ತರ ಆಸುಪಾಸು! ಅದು ಬೆನ್ನುಮೂಳೆಯದೇ ಮುಂದುವರಿಕೆ. ನರ ಇದೆ, ಸ್ನಾಯು ಇದೆ. ಮೈಗೆ ಅಂಟಿಸಿದ ಕುಚ್ಚು ಅಲ್ಲವೇ ಅಲ್ಲ!

ಬಾಲದ ಕೆಲಸ ಏನೆಂದು ನೋಡಲು ಈಗ ರಾಮಗಿರಿಗೆ ಬನ್ನಿ. ಹೊಳಲ್ಕೆರೆ ತಾಲ್ಲೂಕು, ಕರಿಸಿದ್ಧೇಶ್ವರನ ಬೆಟ್ಟ. ಇತ್ತ ಹೊಸದುರ್ಗ, ಅತ್ತ ಚಿತ್ರದುರ್ಗ, ಆಚೆಗೆ ಹಿರಿಯೂರು. ಕುರಿ ಸಾಕಿ ಬದುಕಿದ ಸೀಮೆ ಇದು! ಹಿಂಡಿನ ಜೊತೆ ಹೆಜ್ಜೆ ಹಾಕುವ ನಾಟಿ ನಾಯಿ ಸಿಕ್ಕರೆ ಅದರ ಮುಖ ಬಿಡಿ, ಬಾಲ ನೋಡಿ. ಸಡಿಲವಾಗಿ ತೂಗುತ್ತಿದೆಯೇ? ಎಲ್ಲ ಕ್ಷೇಮ. ಥಟ್ಟನೆ ಮೇಲೆದ್ದು ಸೆಟೆದು ನಿಂತಿತೇ? ಪೊದೆಯಲ್ಲಿ ಏನೋ ಇದೆ! ಕಾಲ ಸಂದಿಗೆ ಸೇರಿತೇ? ಹೆದರಿದೆ. ಒಂದು ಸಲವೂ ಬೊಗಳದೆ ಅದು ಇಷ್ಟನ್ನೂ ಹೇಳಿಬಿಡುತ್ತದೆ. ಕುರಿ ಕಾಯುವವರಿಗೆ ಇದನ್ನು ಯಾರೂ ಪಾಠ ಮಾಡಿ ಕಲಿಸಬೇಕಾಗಿಲ್ಲ.

ಆದರೆ ವಿಜ್ಞಾನಿಗಳು ಕಂಡುಕೊಂಡದ್ದನ್ನು ಕೇಳಿದರೆ ಕುರಿಗಾಹಿಯೂ ಹುಬ್ಬೇರಿಸಬೇಕು!

2007. ಇಟಲಿ. 30 ನಾಯಿಗಳು. ಒಂದೊಂದನ್ನೇ ಪೆಟ್ಟಿಗೆಯಂಥ ಗೂಡಿನಲ್ಲಿ ನಿಲ್ಲಿಸಿ, ಮೇಲೊಂದು ಕ್ಯಾಮೆರಾ ಇಟ್ಟರು. ಎದುರಿಗೆ ಒಡೆಯ ಬಂದ. ಬಾಲ ಅಲ್ಲಾಡಿತು. ಆಮೇಲೆ ಪರಿಚಯವಿಲ್ಲದ, ಗದರುವಂಥ ನಾಯಿಯೊಂದು ಬಂತು. ಆಗಲೂ ಬಾಲ ಅಲ್ಲಾಡಿತು. ಏನು ವ್ಯತ್ಯಾಸ?

ದಿಕ್ಕು! ಒಡೆಯನನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು ವಾಲಿತು. ಆ ನಾಯಿಯನ್ನು ಕಂಡಾಗ ಎಡಕ್ಕೆ! ಮಿದುಳಿನ ಎಡಭಾಗ ಮೈಯ ಬಲಭಾಗವನ್ನು ಆಡಿಸುತ್ತದೆ, ಬಲಭಾಗ ಎಡವನ್ನು. ಹತ್ತಿರ ಹೋಗೋಣ ಎನ್ನುವ ಖುಷಿ ಒಂದು ಕಡೆ, ದೂರ ಸರಿಯೋಣ ಎನ್ನುವ ಅಂಜಿಕೆ ಇನ್ನೊಂದು ಕಡೆ. ಎರಡೂ ಬಾಲದಲ್ಲಿ ಕಾಣಿಸಿಕೊಂಡವು!

ಇನ್ನೂ ಇದೆ! 2013ರಲ್ಲಿ ಅದೇ ತಂಡ ಬಾಲ ಅಲ್ಲಾಡಿಸುವ ನಾಯಿಯ ವೀಡಿಯೊವನ್ನು ಬೇರೆ ನಾಯಿಗಳಿಗೆ ತೋರಿಸಿತು. ಎಡಕ್ಕೆ ವಾಲಿದ ಬಾಲ ಕಂಡೊಡನೆ ನೋಡುತ್ತಿದ್ದ ನಾಯಿಗಳ ಎದೆಬಡಿತ ಏರಿತು! ನಾವು ಗಮನಿಸದ ಸಂಗತಿಯನ್ನು ನಾಯಿಗಳು ಓದುತ್ತಿವೆ.

ಬಾಲವನ್ನೇ ಕತ್ತರಿಸಿದರೆ? ಓದುವುದಾದರೂ ಏನನ್ನು?

ಕೆನಡಾದ ಇಬ್ಬರು ಸಂಶೋಧಕರು ಇದಕ್ಕೆ ಉತ್ತರ ಹುಡುಕಲು ಒಂದು ಯಂತ್ರದ ನಾಯಿ ಮಾಡಿದರು! ಲ್ಯಾಬ್ರಡಾರ್ ಗಾತ್ರ, ರಿಮೋಟ್‌ನಿಂದ ಅಲ್ಲಾಡುವ ಬಾಲ. ಒಮ್ಮೆ ಉದ್ದ ಬಾಲ ಸಿಕ್ಕಿಸಿದರು, ಒಮ್ಮೆ ಮೋಟು ಬಾಲ. ಎಷ್ಟು ನಿಜವಾದ ನಾಯಿಗಳು ಅದನ್ನು ಮಾತಾಡಿಸಲು ಬಂದವು ಗೊತ್ತೇ? 492! ಉದ್ದ ಬಾಲ ಅಲ್ಲಾಡುತ್ತಿದ್ದರೆ ದೊಡ್ಡ ನಾಯಿಗಳು ಧೈರ್ಯವಾಗಿ ಹತ್ತಿರ ಬಂದವು. ಅದೇ ಬಾಲ ಸ್ತಬ್ಧವಾಗಿದ್ದರೆ ಹಿಂಜರಿದವು. ಮೋಟು ಬಾಲ? ಅಲ್ಲಾಡಿದರೂ ಒಂದೇ, ನಿಂತರೂ ಒಂದೇ! ಸ್ನೇಹವೋ ಜಗಳವೋ ಅವುಗಳಿಗೆ ತಿಳಿಯಲೇ ಇಲ್ಲ. 2008ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಬಾಲ ಕತ್ತರಿಸುವುದು ಬರೀ ಚಂದದ ಮಾತು ಎನ್ನುವವರು ಇದನ್ನೊಮ್ಮೆ ಓದಲೇಬೇಕು.

ಅಷ್ಟಕ್ಕೂ ಕತ್ತರಿಸಲು ಶುರು ಮಾಡಿದ್ದು ಯಾಕೆ? ಕಾರಣ ಊಹಿಸಬಲ್ಲಿರಾ?

ಹುಚ್ಚುನಾಯಿ ರೋಗ! ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಬರೆದಿಟ್ಟಿದ್ದಾನೆ: ಮರಿಗೆ ನಲವತ್ತು ದಿನವಾದಾಗ ಬಾಲದ ತುದಿ ತೆಗೆದರೆ ಅದಕ್ಕೆ ಹುಚ್ಚು ಹಿಡಿಯದು ಎಂದು ಕುರುಬರು ನಂಬುತ್ತಾರೆ, ಅಂತ. ತೆಗೆಯುವುದು ಹೇಗೆ? ಹಲ್ಲಿನಿಂದ ಕಚ್ಚಿ! ರೇಬೀಸ್ ವೈರಸ್ಸಿಗೂ ಬಾಲಕ್ಕೂ ಸಂಬಂಧವೇ ಇಲ್ಲ. ಕಾರಣ ಸತ್ತುಹೋಯಿತು, ಕತ್ತರಿ ಮಾತ್ರ ಉಳಿಯಿತು!

ಕತ್ತರಿಸುವವರ ಇಂದಿನ ವಾದ ಬೇರೆ. ಬಾಲಕ್ಕೆ ಗಾಯವಾಗುತ್ತದೆ, ಮೊದಲೇ ತೆಗೆದರೆ ಒಳ್ಳೆಯದು ಎನ್ನುತ್ತಾರೆ. ಕೇಳಬೇಕಾದ ಮಾತೇ. ಬ್ರಿಟನ್ನಿನಲ್ಲಿ ಲೆಕ್ಕವನ್ನೇ ಹಾಕಿಬಿಟ್ಟರು. 52 ಪಶು ಚಿಕಿತ್ಸಾಲಯಗಳು, 1,38,212 ನಾಯಿಗಳು! ಬಾಲಕ್ಕೆ ಗಾಯವಾದವು ಎಷ್ಟಿರಬಹುದು? ಹತ್ತು ಸಾವಿರ? ಐದು ಸಾವಿರ?

281! ಅಷ್ಟೇ! ಒಂದೇ ಒಂದು ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು ಎಂದು 2010ರ ಆ ವರದಿ ಲೆಕ್ಕ ಕೊಟ್ಟಿತು. ಮುಳ್ಳು ಪೊದೆಯಲ್ಲಿ ನುಗ್ಗುವ ಸ್ಪಾನಿಯಲ್‌ಗಳ ಮಾತು ಬೇರೆ, ಅವುಗಳಿಗೆ ಗಾಯ ಹೆಚ್ಚು. ಅದಕ್ಕೇ ಸ್ಕಾಟ್ಲೆಂಡ್ 2017ರಲ್ಲಿ ಕೆಲವು ಬೇಟೆನಾಯಿಗಳ ಬಾಲದ ತುದಿಗೆ ಮಾತ್ರ ನಿಷೇಧದಿಂದ ವಿನಾಯಿತಿ ಕೊಟ್ಟಿತು. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಸೋಫಾ ಮೇಲೆ ಮಲಗುವ ನಾಯಿಗೆ ಯಾವ ಮುಳ್ಳಿನ ಪೊದೆ?

ಡಾಬರ್‌ಮನ್, ರಾಟ್‌ವೀಲರ್, ಬಾಕ್ಸರ್ ಮೂರರ ತವರೂ ಜರ್ಮನಿ. ಅಲ್ಲಿ ಏನಾಯಿತು? 1998ರಲ್ಲೇ ನಿಷೇಧ! ನಾರ್ವೆ ಅದಕ್ಕೂ ಮುಂಚೆ, 1987ರಲ್ಲಿ!

ಇನ್ನು ಎಲ್ಲಕ್ಕಿಂತ ಬೆರಗಿನ ಕಥೆ! ಮೋಟು ಬಾಲವೇ ಬೇಕು, ಆದರೆ ಕತ್ತರಿಸಬಾರದು. ಸಾಧ್ಯವೇ? ಬ್ರೂಸ್ ಕ್ಯಾಟನಾಕ್ ಎಂಬ ಬ್ರಿಟಿಷ್ ತಳಿವಿಜ್ಞಾನಿಗೆ ಬಾಕ್ಸರ್ ಎಂದರೆ ಪ್ರಾಣ. ಹುಟ್ಟಿನಿಂದಲೇ ಮೋಟು ಬಾಲವಿರುವ ಗಿಡ್ಡ ಕಾಲಿನ ಕೋರ್ಗಿಯೊಂದಿಗೆ ಬಾಕ್ಸರನ್ನು ಕೂಡಿಸಿದರು! ಕೆಲವೇ ತಲೆಮಾರು. ಕೋರ್ಗಿಯ ಲಕ್ಷಣ ಮಾಯ, ಮೋಟು ಬಾಲ ಉಳಿಯಿತು, ನೋಡಿದರೆ ಅಪ್ಪಟ ಬಾಕ್ಸರ್! ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದರ ಫಲ ಆ ಬಾಲ. ಆದರೆ ಅದೇ ಜೀನು ತಂದೆ-ತಾಯಿ ಇಬ್ಬರಿಂದಲೂ ಬಂದರೆ? ಮರಿ ಹುಟ್ಟುವುದೇ ಇಲ್ಲ, ಗರ್ಭದಲ್ಲೇ ಸಾಯುತ್ತದೆ! ಮೋಟು ಬಾಲದ ಆಸೆಗೆ ಪ್ರಕೃತಿ ಕೇಳುವ ಬೆಲೆ ಅದು.

ನಮ್ಮ ನಾಡಿಗೆ ಬೇಟೆನಾಯಿ ಹೊಸದೇ? ಕ್ರಿ.ಶ. 949ರ ಸುಮಾರಿನ ಆತಕೂರು ಶಾಸನ ನೋಡಿ! ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ ‘ಏನು ಬೇಕೋ ಕೇಳು’ ಅಂದ. ಮಣಲೆರ ಚಿನ್ನ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ! ಆ ಕಾಳಿ ಕಾಡುಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು, ಆ ಕಲ್ಲಿಗೆ ಪೂಜೆ, ಪೂಜೆಗೆ ಭೂಮಿ! ನಾಯಿಯನ್ನು ಇಷ್ಟು ಗೌರವಿಸಿದ ನಾಡು ಇದು.

ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. ಬಾಗಲಕೋಟೆಯ ಬಯಲಲ್ಲಿ ಮೊಲ ಅಟ್ಟಿಸಿಕೊಂಡು ಬೆಳೆದ ತಳಿ. 2005ರಲ್ಲಿ ಅಂಚೆ ಚೀಟಿ ಏರಿತು, 2016ರಲ್ಲಿ ಸೇನೆಯ ತರಬೇತಿಗೆ ಹೋಯಿತು. ಬಾಲ? ಉದ್ದ, ತುದಿಗೆ ಸಪೂರ. ಆ ತಳಿಯ ಲಕ್ಷಣವೇ ಅದು!

ಕಾನೂನು ಏನನ್ನುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಂಗ ಊನ ಮಾಡುವುದನ್ನು ಅಪರಾಧ ಎನ್ನುತ್ತದೆ. 2011ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತು ವೈದ್ಯರಿಗೆ ‘ಬಾಲಕ್ಕೆ ಕತ್ತರಿ ಬೇಡ’ ಎಂದಿತು. 2013ರಲ್ಲಿ ಮದ್ರಾಸ್ ಹೈಕೋರ್ಟ್ ಆ ಸೂಚನೆಯನ್ನು ರದ್ದು ಮಾಡಿತು. ಮತ್ತೆ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು ಬಂದವು, ಬಾಲ ಕತ್ತರಿಸುವುದು ಬೇಡ ಎಂದವು. ಅಷ್ಟಾದರೂ ಮೋಟು ಬಾಲದ ಮರಿಗಳ ಮಾರಾಟ ನಿಂತಿಲ್ಲ. ಯಾಕೆ? ಕೊಳ್ಳುವವರು ಕೇಳುತ್ತಾರೆ, ಅದಕ್ಕೆ!

ಹಾಗಾಗಿ ಈ ಮಾತು ನಿಮಗೇ. ಡಾಬರ್‌ಮನ್ ಮರಿ ತರುವ ಆಸೆ ಇದೆಯೇ? ತಾಯಿ ನಾಯಿ ಗಬ್ಬವಿರುವಾಗಲೇ ಬ್ರೀಡರ್‌ಗೆ ಫೋನ್ ಮಾಡಿ, ಬಾಲ ಮುಟ್ಟಬೇಡಿ ಎಂದು ಹೇಳಿ. ಮರಿ ಹುಟ್ಟಿ ವಾರ ಕಳೆದ ಮೇಲೆ ಹೇಳಿದರೆ ತಡವಾಗಿರುತ್ತದೆ!